ದ್ವೀಪದ ಮೇಲೆ ಏಳು ತಾಸು

ನಮ್ಮ ಮನೆಯವರು ನಿವೃತ್ತರಾದ ವರ್ಷ, ಹಡಗಿನಲ್ಲಿ ಒಮ್ಮೆ ಹೋಗಿಬರುವುದೆಂದು ಒಂದೇ ಸಂಜೆಗೆ ತೀರ್ಮಾನವಾಯಿತು. ಯಾವ ಹಡಗು, ಎಲ್ಲಿಗೆ ಎನ್ನುವುದು ಇತ್ಯರ್ಥವಾಗಲು ಮಾತ್ರ ಒಂದು ತಿಂಗಳು ಹಿಡಿಯಿತು.

ಹೊರಟವರು ಮೂವರು. ನಾನು, ನಮ್ಮ ಮನೆಯವರು, ಅಕ್ಕ. ಅಕ್ಕ ನನ್ನ ಒಡಹುಟ್ಟಿದವಳಲ್ಲ, ವಾರಗಿತ್ತಿ. ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಹರಿಹರದ ಮನೆಗೆ ಬಂದಾಗ ಅವಳು ಆ ಮನೆ ಸೇರಿ ಐದು ವರ್ಷವಾಗಿತ್ತು. ಆಮೇಲೆ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿ ನಾವು ದಾವಣಗೆರೆಗೆ ಬಂದು ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ಮಾಡಿದೆವು, ಅವಳು ಅಲ್ಲೇ ಉಳಿದಳು. ಭಾವನವರು ತೀರಿಕೊಂಡ ಮೇಲೆ ಮನೆಯ ಮುಂಭಾಗದಲ್ಲೇ ಖಾನಾವಳಿ ಶುರುಮಾಡಿ, ಫ್ಯಾಕ್ಟರಿಗೆ ಹೋಗುವವರಿಗೆಲ್ಲ ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದು ಹಾಕಿದಳು. ಮಣಿಕಟ್ಟು ನೋವಿಗೆ ಬಿದ್ದಾಗ ಮಗ ಹಟ ಹಿಡಿದು ಖಾನಾವಳಿ ಮುಚ್ಚಿಸಿದ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಜೊತೆಗಿದ್ದರೂ ಅಕ್ಕನಿಗೆ ಕೈ ಖಾಲಿಯಾಗಿದ್ದೇ ಒಂದು ಕಾಯಿಲೆಯಾಯಿತು. ಬೆಳಗಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಕೂತು ಏನು ಮಾಡಬೇಕೆಂದು ತಿಳಿಯದೆ ಅಂಗಳವನ್ನು ಎರಡೆರಡು ಸಲ ಗುಡಿಸುತ್ತಿದ್ದಳಂತೆ.

ಹಡಗಿನ ಮಾತು ತೆಗೆದವಳೂ ಅವಳೇ. ಒಂದು ಭಾನುವಾರ ನಾವು ಹರಿಹರಕ್ಕೆ ಹೋಗಿದ್ದಾಗ ಟಿ.ವಿ.ಯಲ್ಲಿ ದೊಡ್ಡ ಬಿಳೀ ಹಡಗೊಂದು ಹೋಗುತ್ತಿತ್ತು. ಅಕ್ಕ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನೋಡಿದಳು.

“ಅದರಾಗ ಮಲಗಿದ್ರ ತೊಟ್ಟಲಿನಂಗ ತೂಗ್ತೈತೇನು?” ಅಂದಳು.

“ಸಮುದ್ರ ನೋಡಿಲ್ಲೇನ್ರಿ ಅತ್ತಿಗೆ ನೀವು?” ನಮ್ಮ ಮನೆಯವರು ಕೇಳಿದರು.

“ಎಲ್ಲಿ ನೋಡ್ಲಪ್ಪಾ? ನಿಮ್ಮಣ್ಣ ಒಂದ್ಸಲ ಗೋಕರ್ಣಕ್ಕ ಹೋಗಾನ ಅಂದಿದ್ರು. ಅಷ್ಟ್ರಾಗ ನಿಮ್ಮಪ್ಪಗ ಪಾರ್ಶ್ವ ಹೊಡೀತು.”

ನನ್ನ ಗಂಡ ವಾಪಸು ಬರುವಾಗ ಬಸ್ಸಿನಲ್ಲಿ, ಊರು ದಾಟುತ್ತಲೇ, “ಅತ್ತಿಗೇನ ಹಡಗಿನಾಗ ಕರ್ಕೊಂಡ್ ಹೋಗಾಣ” ಎಂದರು. ಅವರು ಇಂಥ ಮಾತನ್ನು ಹಾಗೆ ತಟ್ಟನೆ ಆಡುವವರಲ್ಲ. ಮೂವತ್ತು ವರ್ಷ ವಿದ್ಯುತ್ ಇಲಾಖೆಯಲ್ಲಿದ್ದು, ಯಾವ ಓಣಿಗೆ ಯಾವ ಹೊತ್ತಿನಲ್ಲಿ ಎಷ್ಟು ಗಂಟೆ ಕರೆಂಟು ತೆಗೆಯಬೇಕೆಂದು ಪಟ್ಟಿ ಮಾಡಿದವರು. ಮದುವೆಮನೆಗೆ ಹೋಗುವುದಕ್ಕೂ ಚೀಟಿಯಲ್ಲಿ ಗಂಟೆ ಬರೆದುಕೊಳ್ಳುತ್ತಾರೆ. ಮರುದಿನವೇ ಎರಡು ರಸ್ತೆ ಆಚೆಯ ಪ್ರವಾಸದ ಆಫೀಸಿಗೆ ಹೋಗಿ ಎರಡು ಬಣ್ಣದ ಕಾಗದ ತಂದರು. ಅಲ್ಲಿಂದ ಶುರುವಾಯಿತು ನಮ್ಮ ಚರ್ಚೆ.

ಒಂದು ಹಡಗು ಮುಂಬಯಿಯಿಂದ ಹೊರಟು ಗೋವಾಕ್ಕೆ ಹೋಗಿ ಬರುವುದು. ಇನ್ನೊಂದು ಕೊಚ್ಚಿಯಿಂದ ಹೊರಟು ಲಕ್ಷದ್ವೀಪದ ಒಂದು ದ್ವೀಪದ ಎದುರು ನಿಲ್ಲುವುದು. ಬೆಳಿಗ್ಗೆ ಎಂಟೂವರೆಗೆ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಟ್ಟು, ಮಧ್ಯಾಹ್ನ ಮೂರೂವರೆಗೆ ಮತ್ತೆ ಹಡಗಿಗೆ ಹತ್ತಿಸಿಕೊಳ್ಳುತ್ತಾರೆ. ನಡುವೆ ಏಳು ತಾಸು. ಉಳಿದ ಹೊತ್ತೆಲ್ಲ ಹಡಗಿನಲ್ಲೇ.

“ಏಳು ತಾಸು ಏನ್ ಮಾಡೋದು ಅಲ್ಲಿ?” ಎಂದರು ನಮ್ಮ ಮನೆಯವರು. “ಗೋವಾ ಆದ್ರ ಊರೈತೆ, ಬಜಾರೈತೆ, ಚರ್ಚೈತೆ, ಕೋಟೆ ಐತೆ. ಇದು ನೋಡು, ಈ ಕಡೆಯಿಂದ ಆ ಕಡೆಗೆ ನಡೆದ್ರ ಮುಗೀತು.”

ನಾನು ದ್ವೀಪದ ಕಡೆಗಿದ್ದೆ. ವರ್ಷ ವರ್ಷ ಮಕ್ಕಳಿಗೆ ಭೂಪಟದಲ್ಲಿ ಅರಬ್ಬೀ ಸಮುದ್ರದ ನಡುವೆ ಆ ಚುಕ್ಕೆಗಳನ್ನು ತೋರಿಸಿದ್ದೆ. ಪರೀಕ್ಷೆಯಲ್ಲಿ ಅದಕ್ಕೊಂದು ಅಂಕ. ಚುಕ್ಕೆಯ ಮೇಲೆ ನಿಂತು ನೋಡಬೇಕೆನ್ನುವ ಆಸೆ ನನಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನೆ, “ನೀರು ಚೆನ್ನಾಗಿರ್ತೈತಂತೆ” ಎಂದೆ.

“ನೀರು ನಮ್ಮ ಹೊಳ್ಯಾಗೂ ಐತೆ.”

ಅವರು ಒಂದು ನೋಟುಬುಕ್ಕು ತೆಗೆದು ಎರಡು ಅಂಕಣ ಮಾಡಿದರು. ಎಡಕ್ಕೆ ಗೋವಾ, ಬಲಕ್ಕೆ ದ್ವೀಪ. ರಾತ್ರಿ ಊಟದ ಮುಂಚೆ ಮೊಬೈಲಿನಲ್ಲಿ ಯಾರ್‍ಯಾರೋ ಹೋಗಿ ಬಂದವರ ವಿಡಿಯೋ ನೋಡುತ್ತಾ, ನಡುವೆ ನಿಲ್ಲಿಸಿ ಬರೆದುಕೊಳ್ಳುತ್ತಿದ್ದರು. ಎಡಗಡೆಯ ಅಂಕಣ ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು. ಬಲಗಡೆ ನಾಲ್ಕೇ ಸಾಲು: ಗಾಜಿನ ತಳದ ದೋಣಿ, ದೀಪಸ್ತಂಭ, ಮೀನಿನ ಸಂಗ್ರಹಾಲಯ, ಮರಳು. ಮರಳು ಎಂದು ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದ್ದರು.

ಅಕ್ಕನನ್ನು ಯಾರೂ ಕೇಳಿರಲಿಲ್ಲ. ಅದು ನನಗೆ ಹೊಳೆದದ್ದು ಮೂರು ವಾರ ಕಳೆದ ಮೇಲೆ. ಅವಳಿಗೆ ಸಮುದ್ರ ತೋರಿಸಲು ಹೊರಟವರು ನಾವು, ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳದೆ ಬಲ-ಎಡ ಬರೆಯುತ್ತಾ ಕೂತಿದ್ದೆವು. ಫೋನಿನಲ್ಲಿ ಕೇಳಿದರೆ ಅವಳು “ನಿಮಗೆ ಹೆಂಗ ಬೇಕೋ ಹಂಗ ಮಾಡ್ರಿ” ಎಂದುಬಿಡುತ್ತಾಳೆ. ಅದಕ್ಕೇ ಮುಂದಿನ ಭಾನುವಾರ ನೋಟುಬುಕ್ಕು ಸಮೇತ ಹರಿಹರಕ್ಕೆ ಹೋದೆವು.

ಆ ಮನೆಯ ಮಗ್ಗುಲಲ್ಲೇ ಗಾದಿ ಹೊಲಿಯುವ ಸಾಬರ ಅಂಗಡಿ. ನಾನು ಹೊಸದಾಗಿ ಬಂದಾಗ ಅವರಿಗಿನ್ನೂ ಗಡ್ಡ ಕಪ್ಪಗಿತ್ತು. ಅಂಗಡಿಯ ಒಳಗೆ ಹತ್ತಿ ಬಡಿಯುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು, ಒಗ್ಗರಣೆಯ ಮೇಲೂ ಒಂದೆರಡು ಎಳೆ ಹತ್ತಿ ಬಂದು ಕೂರುತ್ತಿತ್ತು. ಈಗ ಅವರ ಮಗ ಸ್ಪಂಜಿನ ಹಾಸಿಗೆ ಮಾರುತ್ತಾನೆ. ಸಾಬರು ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರ ಮಗಳನ್ನು ಕೊಚ್ಚಿಯ ಕಡೆ ಕೊಟ್ಟಿದ್ದರು. ಅಳಿಯನ ನಂಟರ ಮದುವೆಯೆಂದು ಅವರು ಅದೇ ದ್ವೀಪಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದರೆಂದು ಅಕ್ಕನಿಗೆ ನೆನಪಿತ್ತು. ಅವಳೇ ಕಟ್ಟೆಗೆ ಹೋಗಿ ಕರೆದಳು.

“ಭಾಯ್, ಬರ್ರಿ ಒಳಗ. ನಮ್ಮ ಮೈದುನ ಏನೋ ಕೇಳ್ಬೇಕಂತ.”

ಸಾಬರು ಬಂದು ಚಾಪೆಯ ಮೇಲೆ ಬ್ಯಾಡ, ಮೊಣಕಾಲು ಬಗ್ಗಲ್ಲ ಎಂದು ಸ್ಟೂಲಿನ ಮೇಲೆ ಕೂತರು. ನಮ್ಮ ಮನೆಯವರು ಪೆನ್ನು ತೆಗೆದರು.

“ಏಳು ತಾಸಿಗೆ ಆಗೋವಷ್ಟು ಏನಾದ್ರೂ ಐತೇನ್ರಿ ಸಾಬ್ರೇ ಅಲ್ಲಿ?”

ಸಾಬರು ಯೋಚಿಸಿದರು. “ಏನೈತ್ರಿ ಅಲ್ಲಿ? ತೆಂಗಿನ ಮರ. ಒಂದು ರಸ್ತೆ. ನಾಕೈದು ಮಸೀದಿ. ಸೈಕಲ್ ಮ್ಯಾಲೆ ಹೋದ್ರ ಒಂದ್ ತಾಸಿಗೆ ಪೂರಾ ಊರು ಖತಂ. ಮದುವಿ ಊಟ ಮಾತ್ರ ಬಹುತ್ ಅಚ್ಛಾ ಇತ್ತು.”

ನನ್ನ ಗಂಡ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತು. ಬುಕ್ಕು ಮುಚ್ಚುವವರಿದ್ದರು. ಅಷ್ಟರಲ್ಲಿ ಅಕ್ಕ ಬಾಗಿಲ ಬಳಿ ನಿಂತುಕೊಂಡೇ ಕೇಳಿದಳು:

“ಕೂಡಕ್ಕ ನೆಳ್ಳು ಐತೇನ್ರಿ ಭಾಯ್?”

“ನೆಳ್ಳಿಗೇನ್ರಿ, ಇಡೀ ಊರೇ ನೆಳ್ಳು.”

“ಹೆಣ್ಮಕ್ಳು ನೀರಿಗಿಳೀತಾರಾ? ಯಾರಾದ್ರೂ ಏನಾದ್ರೂ ಅಂತಾರಾ?”

“ಯಾರು ಅಂತಾರ್ರಿ? ನೀರು ಮೊಣಕಾಲಿಗೆ ಬರ್ತೈತೆ ಅಷ್ಟೇ, ಅಷ್ಟು ದೂರ ಹೋದ್ರೂ. ಅಲೆ ಇಲ್ಲ. ನಮ್ಮ ಮನೆಯಾಕಿ ಬುರ್ಖಾ ಸಮೇತ ಕೂತುಬಿಟ್ಲು ನೀರಾಗ. ಎಬ್ಸಿದ್ರ ಏಳವಲ್ಲಳು.” ಸಾಬರು ನಕ್ಕರು.

“ಹಂಗಾದ್ರ ನಡುಗಡ್ಡಿಗೇ ಹೋಗಾನ,” ಅಂದಳು ಅಕ್ಕ. ಅವಳಿಗೆ ದ್ವೀಪ ಎನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ.

“ಅತ್ತಿಗೆ, ಏಳು ತಾಸು ಸುಮ್ನ ಕೂಡ್ತೀರೇನ್ರಿ? ಬ್ಯಾಸರ ಬರ್ತೈತೆ.”

ಅಕ್ಕ ನನ್ನ ಮುಖ ನೋಡಿದಳು. ತುಟಿಯಂಚಿನಲ್ಲಿ ನಗು ಇತ್ತು. “ನಾವು ಕೂತೀವಪ್ಪಾ ಒಂದ್ಸಲ. ನಾನು, ನಿನ್ನ ಹೆಂಡ್ತಿ. ಬ್ಯಾಸರ ಬರ್ಲಿಲ್ಲ. ಹೇಳ್ಲೇನು ತಂಗಿ?”

ಹೇಳು ಎಂದೆ. ಮೂವತ್ತೈದು ವರ್ಷದಿಂದ ನಾವಿಬ್ಬರೇ ಇಟ್ಟುಕೊಂಡಿದ್ದ ಸುದ್ದಿ ಅದು. ಅವತ್ತು ಅವಳು ಅರ್ಧ ಹೇಳಿ, ನಾನು ಅರ್ಧ ಹೇಳಿ ನಡೆದದ್ದು ಇಷ್ಟು:

ನನ್ನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಕಡು ಬೇಸಿಗೆ. ನಮ್ಮ ಅತ್ತೆ ದಾವಣಗೆರೆಯಲ್ಲಿ ಯಾರದೋ ಮದುವೆಗೆಂದು ಬೆಳಿಗ್ಗೆಯೇ ಹೋಗಿದ್ದರು, ಸಂಜೆಗೆ ಬರುವವರು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಅತ್ತೆ ಇಲ್ಲದ ಮನೆಯನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕ ಕೌದಿಗಳನ್ನು ಗಂಟು ಕಟ್ಟಿ, ಹೆಗಲಿಗೆ ಒಂದು ಬಟ್ಟೆಯ ಚೀಲ ಹಾಕಿಕೊಂಡು, “ಕೌದಿ ಒಗಕೊಂಡ್ ಬರ್ತೀನಿ, ನೀನು ಮನೆ ನೋಡ್ಕೋ” ಎಂದಳು. ಹಳೆಯ ಸೀರೆ ಪದರ ಪದರವಾಗಿ ಇಟ್ಟು ಹೊಲಿದ ಕೌದಿ, ನೀರು ಕುಡಿದರೆ ಒಬ್ಬರಿಂದ ಎತ್ತಲಾಗದು. “ನಾನೂ ಬರ್ತೀನ್ರಿ” ಎಂದೆ. ಬ್ಯಾಡ ಎಂದಳು. ನಾನು ಕೇಳಲಿಲ್ಲ, ಬಾಗಿಲಿಗೆ ಬೀಗ ಹಾಕಿ ಹಿಂದೆಯೇ ಹೊರಟೆ. ಆ ದಿನಗಳಲ್ಲಿ ಒಬ್ಬಳೇ ಇರುವುದೆಂದರೆ ನನಗೆ ಅಳು ಬರುತ್ತಿತ್ತು.

ಹೊಳೆ ತಳ ಕಂಡಿತ್ತು. ನಡುವೆ ಉದ್ದಕ್ಕೆ ಒಂದು ಮರಳಿನ ದಿಬ್ಬ ಎದ್ದು, ಎರಡೂ ಕಡೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ದಡದ ಬಂಡೆಯ ಮೇಲೆ ಕೌದಿ ಬಡಿದು ಒಗೆದೆವು. ಒಣಹಾಕಲು ದಡದಲ್ಲಿ ಜಾಗವಿರಲಿಲ್ಲ, ಬೇರೆಯವರ ಬಟ್ಟೆ ಹರಡಿತ್ತು. ದಿಬ್ಬದ ಮೇಲೆ ಹಾಕೋಣ ಎಂದವಳು ನಾನು. ನೀರು ದಾಟಿ ಹೋಗಿ, ಬಿಸಿ ಮರಳಿನ ಮೇಲೆ ನಾಲ್ಕು ಕೌದಿ ಹರಡಿ, ಅವು ಒಣಗುವ ತನಕ ಕಾಯಬೇಕಲ್ಲ ಎಂದು ಒಂದರ ಅಂಚನ್ನು ಎರಡು ಜಾಲಿ ಕೋಲಿಗೆ ಸಿಕ್ಕಿಸಿ ಅದರ ನೆರಳಿನಲ್ಲಿ ಕೂತೆವು.

ಅಷ್ಟೇ. ಕಾಲು ಚಾಚಿ ಕೂತೆವು. ಅತ್ತೆಯ ಎದುರು ಕಾಲು ಚಾಚುವಂತಿರಲಿಲ್ಲ. ನಾನು ಶಾಲೆಯಲ್ಲಿ ಕಲಿತ ಪದ್ಯ ಹೇಳಿದೆ, ಅವಳು ಅವಳೂರು ಕೊಕ್ಕನೂರಿನ ಗದ್ದೆ, ಕಾಲುವೆ, ಅವರಪ್ಪ ಸಾಕಿದ್ದ ಒಂದು ಕುಂಟು ಎತ್ತಿನ ಸುದ್ದಿ ಹೇಳಿದಳು. ಅವತ್ತಿನವರೆಗೆ ನಾನು ಅವಳನ್ನು ‘ನೀವು’ ಎನ್ನುತ್ತಿದ್ದೆ. ಹೊತ್ತು ಇಳಿಯುವಷ್ಟರಲ್ಲಿ ‘ನೀನು’ ಆಗಿತ್ತು, ಯಾವ ಮಾತಿನಲ್ಲಿ ಆಯಿತೋ ತಿಳಿಯಲಿಲ್ಲ.

ಏಳುವ ಹೊತ್ತಿಗೆ ನೀರು ಏರಿತ್ತು. ಮೇಲೆ ಎಲ್ಲೋ ನೀರು ಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಬಂದ ದಾರಿಯಲ್ಲಿ ಕಾಲಿಟ್ಟರೆ ಸೊಂಟದವರೆಗೆ ಬಂತು, ಸೆಳೆತ ಬೇರೆ. ನಾನು ಅಳಲು ಶುರುಮಾಡಿದೆ. ಅಕ್ಕ ಅಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಆಚೆ ದಡದ ಮೀನುಗಾರನನ್ನು ಕೂಗಿದಳು. ಅವನು ಹರಿಗೋಲು ತಂದು ನಮ್ಮನ್ನೂ ಕೌದಿಗಳನ್ನೂ ಹೇರಿಕೊಂಡ. ದುಂಡನೆಯ ಬುಟ್ಟಿಯಂಥ ಅದು ಗಿರ್ರನೆ ತಿರುಗುತ್ತಾ ಸಾಗಿತು. ಅಕ್ಕ ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಆ ಬಟ್ಟೆಯ ಚೀಲ ನೆನೆಯದಂತೆ ಎತ್ತಿ ಹಿಡಿದಿದ್ದಳು. ಅತ್ತೆ ಬರುವುದಕ್ಕೂ ನಾವು ಸೀರೆ ಬದಲಿಸುವುದಕ್ಕೂ ಸರಿಹೋಯಿತು.

ಕೇಳಿ ಮುಗಿಸಿದ ನಮ್ಮ ಮನೆಯವರು ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನನ್ನನ್ನು ನೋಡಿದರು. “ಅವ್ವಗ ಗೊತ್ತೇ ಆಗ್ಲಿಲ್ಲಾ?”

“ಗೊತ್ತಾಗಿದ್ರ ನಾವು ಈಗ ಇಲ್ಲಿ ಕೂತು ಹೇಳ್ತಿದ್ವೇನು?” ಎಂದಳು ಅಕ್ಕ. ಸಾಬರು ಸ್ಟೂಲಿನ ಮೇಲೆ ಅಲುಗಾಡುವಷ್ಟು ನಕ್ಕರು.

ನಮ್ಮ ಮನೆಯವರು ನೋಟುಬುಕ್ಕಿನಲ್ಲಿ ಗೋವಾ ಎಂಬುದಕ್ಕೆ ಅಡ್ಡಗೆರೆ ಎಳೆದರು. ಆದರೂ ಅವರ ಸ್ವಭಾವ ಎಲ್ಲಿ ಹೋಗುತ್ತದೆ? ಹೊರಡುವ ತನಕ ದ್ವೀಪದ ಏಳು ತಾಸನ್ನು ಹಂಚಿ ಹಂಚಿ ಬರೆದರು. ಒಂಬತ್ತಕ್ಕೆ ಗಾಜಿನ ದೋಣಿ, ಹತ್ತೂವರೆಗೆ ದೀಪಸ್ತಂಭ, ಹನ್ನೆರಡಕ್ಕೆ ಸಂಗ್ರಹಾಲಯ, ಒಂದಕ್ಕೆ ಊಟ, ಎರಡರಿಂದ ಮೂರು ‘ಅತ್ತಿಗೆ: ನೀರು’. ಅಕ್ಕನಿಗೆ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಅವಳು, “ಒಂದೇ ತಾಸೇನಪ್ಪಾ?” ಎಂದಳಂತೆ.

ಫೆಬ್ರುವರಿಯ ಕೊನೆಯಲ್ಲಿ ಹೊರಟೆವು. ಅಕ್ಕ ಎರಡು ಡಬ್ಬಿ ಶೇಂಗಾ ಚಟ್ನಿಪುಡಿ, ಸೊಸೆ ಕಟ್ಟಿಕೊಟ್ಟ ಖಡಕ್ ರೊಟ್ಟಿ ತಂದಿದ್ದಳು. ಕೊಚ್ಚಿಯಲ್ಲಿ ಹಡಗಿನ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, “ಇದು ತೇಲ್ತೈತಾ?” ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದಳು. ರಾತ್ರಿ ಮಲಗಿದ ಮೇಲೆ, “ತೂಗ್ತೈತೆ ತಂಗಿ” ಎಂದಳು. ಆಮೇಲೆ ಅವಳ ಗೊರಕೆ ಕೇಳಿಸಿತು. ಬೆಳಗಿನ ನಾಲ್ಕಕ್ಕೆ ಅವಳಿಗೆ ಎಚ್ಚರವಾಗಲಿಲ್ಲ.

ದ್ವೀಪದ ಎದುರು ಹಡಗು ನಿಂತಾಗ ಗಾಳಿ ಇತ್ತು. ಸಣ್ಣ ದೋಣಿ ಏರಿ ಇಳಿಯುತ್ತಿತ್ತು. ಇಬ್ಬರು ಹುಡುಗರು ಅಕ್ಕನ ಎರಡೂ ತೋಳು ಹಿಡಿದು, ಅಲೆ ಏರಿದ ಕ್ಷಣ ನೋಡಿ, ಒಂದು ಮೂಟೆಯಂತೆ ಎತ್ತಿ ದೋಣಿಯಲ್ಲಿ ಕೂರಿಸಿದರು. ದಡ ಹತ್ತಿರ ಬಂದಂತೆ ನೀರಿನ ಬಣ್ಣ ಬದಲಾಯಿತು. ನಾನು ಎಷ್ಟೋ ವರ್ಷ ಭೂಪಟದಲ್ಲಿ ನೀಲಿ ಎಂದೇ ತೋರಿಸಿದ್ದೆ. ಅದು ನೀಲಿಯಲ್ಲ. ಮಾವಿನಕಾಯಿ ಸಿಪ್ಪೆಯ ಒಳಮೈ ಇರುತ್ತದಲ್ಲ, ಆ ತಿಳಿಹಸಿರು.

ದಡದಲ್ಲಿ ಇಳಿಯುತ್ತಲೇ ಗೊತ್ತಾಯಿತು, ಗಾಳಿಯಿಂದಾಗಿ ಅವತ್ತು ಗಾಜಿನ ದೋಣಿ ಬಿಡುವುದಿಲ್ಲ. ನಮ್ಮ ಮನೆಯವರು ಗಡಿಯಾರ ನೋಡಿಕೊಂಡು ನಮ್ಮನ್ನು ದೀಪಸ್ತಂಭದ ಕಡೆ ನಡೆಸಿದರು. ಅಲ್ಲಿ ಬಣ್ಣ ಬಳಿಯುತ್ತಿದ್ದರು. ಮೇಲೆ ಬಿಡುವುದಿಲ್ಲ ಎಂದು ಒಬ್ಬ ಕೈಸನ್ನೆಯಲ್ಲಿ ತಿಳಿಸಿದ. ಸಂಗ್ರಹಾಲಯ ಒಂದು ಕೋಣೆ. ಸೀಸೆಗಳಲ್ಲಿ ಮೀನು. ಹನ್ನೆರಡು ನಿಮಿಷಕ್ಕೆ ಮುಗಿಯಿತು. ಹತ್ತೂಕಾಲಿಗೆ ಅವರ ಪಟ್ಟಿಯಲ್ಲಿ ಊಟ, ‘ಅತ್ತಿಗೆ: ನೀರು’ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ರಸ್ತೆಯ ನಡುವೆ ನಿಂತರು. ಪೆಚ್ಚಾಗಿದ್ದರು. “ಐದು ತಾಸು ಐತೆ ಇನ್ನಾ,” ಎಂದರು. “ನಾನು ಮೊದಲೇ ಹೇಳಿದ್ದೆ.” ನನಗೂ ಕಸಿವಿಸಿಯಾಯಿತು. ನಮ್ಮ ಜೊತೆ ಇಳಿದವರಲ್ಲಿ ಕೆಲವರು ಆಗಲೇ ಹಡಗಿಗೆ ವಾಪಸು ಹೋಗುವ ದೋಣಿ ಹುಡುಕುತ್ತಿದ್ದರು. ನಾವೂ ಹೋಗೋಣವೇ ಎಂದು ಕೇಳಲು ತಿರುಗಿದರೆ ಅಕ್ಕ ಅಲ್ಲಿರಲಿಲ್ಲ.

ಎರಡು ತೆಂಗಿನ ಮರಗಳ ನಡುವೆ ನಡೆದು, ಚಪ್ಪಲಿ ಬಿಟ್ಟು, ಅವಳು ನೀರಿನಲ್ಲಿ ಆಗಲೇ ಹತ್ತು ಹೆಜ್ಜೆ ಹೋಗಿದ್ದಳು. ನೀರು ಮೊಣಕಾಲಿಗೂ ಬಂದಿರಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದಿದ್ದವಳು ಅಲ್ಲೇ ನಿಂತು ಏನೋ ಯೋಚಿಸಿ, ಕೈಬಿಟ್ಟಳು. ಆಮೇಲೆ ನಿಧಾನಕ್ಕೆ, ಎರಡೂ ಕೈ ಊರಿಕೊಂಡು, ನೀರಿನಲ್ಲಿ ಕೂತುಬಿಟ್ಟಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನೀರು ಬೆಚ್ಚಗಿತ್ತು. ಬೆರಳು ಗಾತ್ರದ ಮೀನುಗಳು ಸೀರೆಯ ಅಂಚಿಗೆ ಬಂದು ಬಂದು ಹೋಗುತ್ತಿದ್ದವು. ನಮ್ಮ ಮನೆಯವರು ದಡದಲ್ಲಿ ನಿಂತು, “ಅತ್ತಿಗೆ, ಥಂಡಿ ಆಗ್ತೈತ್ರಿ” ಎಂದು ಒಂದೆರಡು ಸಲ ಕೂಗಿ, ಆಮೇಲೆ ಮರದ ಬುಡಕ್ಕೆ ಹೋಗಿ ಕೂತರು.

ಅಕ್ಕ ಅಂಗೈಯಲ್ಲಿ ನೀರು ಎತ್ತುವುದು, ಬಿಡುವುದು ಮಾಡುತ್ತಿದ್ದಳು. ಮಣಿಕಟ್ಟನ್ನು ನೀರಿನೊಳಗೆ ಮೆಲ್ಲಗೆ ತಿರುಗಿಸುತ್ತಿದ್ದಳು. ಹಾಗೆಯೇ, ನನ್ನ ಕಡೆ ನೋಡದೆ ಅಂದಳು:

“ಆವತ್ತು ಹೊಳ್ಯಾಗ ನಾನು ಕೌದಿ ಒಗ್ಯಾಕ ಹೋಗಿರ್ಲಿಲ್ಲ ತಂಗಿ.”

ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ.

“ಚೀಲದಾಗ ಸೋಪಿನ ಕೆಳಗ ನನ್ನ ಎರಡು ಸೀರೆ ಇದ್ವು. ಕೌದಿ ಅಲ್ಲೇ ಕಲ್ಲಿನ ಮ್ಯಾಲೆ ಇಟ್ಟು, ಬಸ್ ಹತ್ತಿ ಊರಿಗೆ ಹೋಗಿಬಿಡ್ಬೇಕು ಅಂತ ಹೊಂಟಿದ್ದೆ. ತಿರುಗಿ ಬರ್ಬಾರ್ದು ಅಂತ.”

“ಯಾಕಕ್ಕಾ?”

“ಹಿಂದಿನ ದಿನ ನಮ್ಮಪ್ಪ ಬಂದಿದ್ದ. ಹೊಸ ಅಕ್ಕಿ ತಂದಿದ್ದ, ತಲಿ ಮ್ಯಾಲೆ ಹೊತ್ಕೊಂಡು. ಅತ್ತಿ ಅಕ್ಕಿ ಇಳಿಸ್ಕೊಂಡ್ರು. ಐದು ವರ್ಷ ಆತು, ಹೊಟ್ಯಾಗ ಒಂದು ಕೂಸಿಲ್ಲ, ನಿನ್ನ ಮಗಳ್ನ ತಿರುಗಿ ಕರ್ಕೊಂಡ್ ಹೋಗು ಅಂದ್ರು. ಊಟಕ್ಕ ಏಳು ಅನ್ಲಿಲ್ಲ. ಹನ್ನೆರಡು ಗಂಟಿ ಬಿಸ್ಲಾಗ ನಮ್ಮಪ್ಪ ಹಂಗೇ ಎದ್ದು ಹೋದ. ನಾನು ಒಲಿ ಮುಂದ ರೊಟ್ಟಿ ಮಾಡ್ತಿದ್ದೆ. ನನ್ನ ಕೈಯಾಗ ರೊಟ್ಟಿ ಇತ್ತು.”

ನಾನು ಆವತ್ತು ತವರಿಗೆ ಹೋಗಿದ್ದೆ, ಸಂಜೆ ಬಂದಿದ್ದೆ. ಮನೆಯಲ್ಲಿ ಅಂಥದ್ದೊಂದು ನಡೆದಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

“ನೀನು ಬೆನ್ನಿಗೆ ಬಿದ್ದಿ. ಬ್ಯಾಡ ಅಂದ್ರೂ ಕೇಳ್ಲಿಲ್ಲ. ನಿನ್ನ ಹೆಂಗ ಕಳ್ಸೋದು ಅಂತ ಕೌದಿ ಒಗಿಯೋವಷ್ಟು ಹೊತ್ತೂ ಯೋಚ್ನಿ ಮಾಡ್ದೆ. ಆಮ್ಯಾಲೆ ನೀನು ಆ ಗಡ್ಡಿ ಮ್ಯಾಲೆ ಕೂತು ಪದ್ಯ ಹಾಡಿದಿ. ಬಸ್ ಹೊತ್ತು ಮೀರಿ ಹೋತು.”

“ನನ್ನಿಂದ ಹಂಗಾತೇನು ಅಕ್ಕಾ?” ಒದ್ದೆ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆ ಮನೆಯಲ್ಲಿ ಅವಳು ಆಮೇಲೆ ಕಂಡ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು. ಮಾವನವರ ಹಾಸಿಗೆ, ಭಾವನವರ ಸಾವು, ಆ ಒಲೆ.

ಅಕ್ಕ ಒದ್ದೆ ಕೈಯಿಂದ ನನ್ನ ಬೆನ್ನು ತಟ್ಟಿದಳು. “ಅಳಬ್ಯಾಡ. ಸಿಟ್ಟಿಲ್ಲ ನನಗ. ಊರಿಗೆ ಹೋಗಿದ್ರ ಏನಾಗ್ತಿತ್ತೋ ಯಾರಿಗೆ ಗೊತ್ತು? ಮುಂದಿನ ವರ್ಷಕ್ಕ ಮಗ ಹುಟ್ಟಿದ. ಆವತ್ತು ನಿನ್ನ ನೋಡಿ, ಮನಿಯಾಗ ಒಬ್ಬಾಕಿ ಅದಾಳ, ನನ್ನ ಹಿಂದ ಬರ್ತಾಳ ಅಂತ ಅನ್ನಿಸ್ತು. ಅಷ್ಟಕ್ಕೇ ಇದ್ದೆ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತಿತ್ತು. ಮನಿಯಾಗ ಕೂತು ಹೇಳಾಕ ಬರ್ಲಿಲ್ಲ.”

ಬಿಸಿಲು ತೆಂಗಿನ ಗರಿಗಳ ಮೇಲಿಂದ ಸರಿದು ನಮ್ಮ ಮೇಲೆ ಬಿತ್ತು, ಮತ್ತೆ ಸರಿಯಿತು. ಎದ್ದು ನೋಡಿದರೆ ನಮ್ಮ ಮನೆಯವರು ಮರದ ಬುಡದಲ್ಲಿ, ಬಾಯಿ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದರು. ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೆರಳು ಸರಿದು ಕಾಲಿಗೆ ಬಿಸಿಲು ಬಿದ್ದು, ಪಾದಗಳೆರಡೂ ಕೆಂಪಾಗಿದ್ದವು. ಎಬ್ಬಿಸಿ ಅಲ್ಲೇ ಮರಳಿನ ಮೇಲೆ ರೊಟ್ಟಿ ಚಟ್ನಿ ತಿಂದೆವು. ಕೊನೆಯ ದೋಣಿಗೆ ಓಡಬೇಕಾಯಿತು.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಊರಿಗೆ ಬಂದ ಮೇಲೆ ಅಕ್ಕನಾಗಲಿ ನಾನಾಗಲಿ ಆ ಮಾತನ್ನು ಮತ್ತೆ ತೆಗೆಯಲಿಲ್ಲ. ನಾನು ನಮ್ಮ ಮನೆಯವರಿಗೂ ಹೇಳಲಿಲ್ಲ. ತೀರಿಹೋದ ತಾಯಿಯ ಬಗ್ಗೆ ಮಗನಿಗೆ ಏನೆಂದು ಹೇಳುವುದು? ಆದರೆ ಈ ವರ್ಷ ಹಳೆಯದನ್ನೆಲ್ಲ ಬರೆದಿಡೋಣ ಎಂದು ಕೂತಾಗ ಇದನ್ನು ಬಿಟ್ಟು ಬರೆಯಲು ಕೈ ಬರಲಿಲ್ಲ. ಅಕ್ಕನಿಗೆ ಫೋನು ಮಾಡಿ ಬರೆಯಲೇ ಎಂದು ಕೇಳಿದೆ.

“ಬರಿ,” ಎಂದಳು. ಆಮೇಲೆ, “ನಿನ್ನ ಗಂಡಗ ಮೊದ್ಲು ಹೇಳು. ಪುಸ್ತಕದಾಗ ಓದಿ ಗೊತ್ತಾಗೋದು ಬ್ಯಾಡ” ಎಂದಳು.

ಸಂಜೆ ಚಹಾ ಕೊಡುವಾಗ ಹೇಳಿದೆ. ಅಕ್ಕಿ, ಬಿಸಿಲು, ಎರಡು ಸೀರೆ, ಎಲ್ಲವನ್ನೂ. ಅವರು ಲೋಟ ಕೆಳಗಿಟ್ಟು ಗೇಟಿನ ಕಡೆ ತಿರುಗಿ ಕೂತರು. ನನ್ನ ಮೇಲೆ ಸಿಟ್ಟು ಬಂತೇನೋ ಎಂದುಕೊಂಡೆ.

“ಆವತ್ತು ನಾನು ಮನ್ಯಾಗೇ ಇದ್ದೆ,” ಎಂದರು. “ಪಡಸಾಲ್ಯಾಗ ಪೇಪರ್ ಓದ್ತಿದ್ದೆ. ಅವ್ವ ಅಂದಿದ್ದು ಎಲ್ಲಾ ಕೇಳಿಸ್ತು. ಆ ಹಿರಿಯರು ನನ್ನ ಮುಂದೇ ಹಾದು ಹೋದ್ರು, ಚಪ್ಪಲಿ ಹಾಕ್ಕೊಂಡು. ಕೂಡ್ರಿ ಅಂತ ಒಂದ್ ಮಾತು ಬಾಯಿಗೆ ಬರ್ಲಿಲ್ಲ ನನಗೆ. ಪೇಪರ್ ಎತ್ತಿ ಮುಖಕ್ಕ ಅಡ್ಡ ಹಿಡಕೊಂಡೆ.”

ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದವರು ನಾವು. ಹೋಗಿ ಪಕ್ಕದಲ್ಲಿ ಕೂತೆ.

ಮುಂದಿನ ಭಾನುವಾರ ಅವರು ಎದ್ದವರೇ ಸ್ನಾನ ಮಾಡಿ, “ನಾನೊಬ್ನೇ ಹರಿಹರಕ್ಕ ಹೋಗಿ ಬರ್ತೀನಿ” ಎಂದರು. ಎಷ್ಟು ಗಂಟೆಗೆ ಬರುತ್ತೀರಿ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು. ನಾನು ಮಧ್ಯಾಹ್ನದ ಅಡುಗೆ ಮಾಡಿಟ್ಟು ಕಾದೆ. ಎರಡಾಯಿತು, ಮೂರಾಯಿತು. ಅಕ್ಕನಿಗೆ ಫೋನು ಮಾಡೋಣ ಎಂದು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ.

ಐದಕ್ಕೆ ಬಂದರು. ಕಣ್ಣು ಸ್ವಲ್ಪ ಕೆಂಪಾಗಿತ್ತು, ಮುಖ ಹಗುರಾಗಿತ್ತು. ಊಟಕ್ಕೆ ಏಳಿ ಎಂದೆ.

“ಬ್ಯಾಡ, ಆಗೈತೆ,” ಎಂದರು. “ಅತ್ತಿಗೇನೇ ಬಡಿಸಿದ್ರು. ಇನ್ನೊಂದಿಷ್ಟು ಅನ್ನ ಹಾಕ್ತೀನಿ ಅಂದ್ರು, ಬ್ಯಾಡ ಅನ್ನಾಕ ಬರ್ಲಿಲ್ಲ.”